ಬೀಗರ ಬಲಮೀಸೆಯ ಮೇಲೆ ಬಿದ್ದ ನೆರಳು

ಇಂದ:
ಕ್ಷೌರಿಕ,
ದೊಡ್ಡ ಫ್ಯಾನಿನ ಎದುರಿನ ಸಲೂನ್.

ಗೆ:
ಮಾನ್ಯ ಪರಿಹಾರಾಧಿಕಾರಿಗಳು,
ಮೂಲಸೌಕರ್ಯ ಹಾಗೂ ಶುದ್ಧ ಇಂಧನ ಇಲಾಖೆ.

ವಿಷಯ: ಗಾಳಿಯಂತ್ರದ ನೆರಳಿನಿಂದ ಉಂಟಾದ ಮೀಸೆ ನಷ್ಟದ ಕುರಿತು.

ಉಲ್ಲೇಖ: ೧) ಶುದ್ಧ ಇಂಧನಕ್ಕೆ ಹಣ ಒದಗಿಸುವ ಹೊಸ ಕಾಯ್ದೆ.
೨) "ಮೀಸೆಯೆಲ್ಲ ಕಾಯ್ದೇಲಿ ಬರಲ್ಲ, ಹೋಗ್ರೀ" ಎಂಬ ತಮ್ಮ ಗುಮಾಸ್ತರ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನು ನಿವೇದಿಸಿಕೊಳ್ಳುವುದೇನೆಂದರೆ:

೧. ಸದರಿ ಕಾಯ್ದೆಯ ಹಣದಲ್ಲಿ ಸಲೂನಿನ ಎದುರು ದಿಬ್ಬದ ಮೇಲೆ ಕರೆಂಟು ತಯಾರಿಸುವ ಗಾಳಿಯಂತ್ರ (ಊರವರ ಬಾಯಲ್ಲಿ ದೊಡ್ಡ ಫ್ಯಾನು) ನಿಂತಿದೆ. ಅರ್ಜಿದಾರನಿಗೆ ಅದರ ಮೇಲೆ ದ್ವೇಷವಿಲ್ಲ. ಅದನ್ನು ರಿಪೇರಿ ಮಾಡುವ ಹುಡುಗ ಗಡ್ಡ ಮಾಡಿಸಲು ಬಂದು, ಗಲ್ಲಾದಲ್ಲಿ ಕೂತಿದ್ದ ಅರ್ಜಿದಾರನ ಮಗಳನ್ನು ಮೆಚ್ಚಿದ. ಆಮೇಲೆ ಗಡ್ಡ ಬೆಳೆಯುವ ಮೊದಲೇ ಬರತೊಡಗಿದ. ಆದ್ದರಿಂದ ಮದುವೆ ಮಾತುಕತೆ ನಡೆಯಿತು.

೨. ಬೆಳಗಿನ ಬಿಸಿಲಲ್ಲಿ ರೆಕ್ಕೆಗಳ ನೆರಳು ಕನ್ನಡಿಯ ಮೇಲೆ ಸರ್ರನೆ ಹಾಯುತ್ತದೆ. ಕತ್ತಲು, ಬೆಳಕು, ಮತ್ತೆ ಕತ್ತಲು. "ಅಪ್ಪಾ, ಕುರ್ಚಿ ಆ ಕಡೆ ತಿರುಗಿಸು" ಎಂದಳು ಮಗಳು. ತಿರುಗಿಸಿದರೆ ಗಿರಾಕಿ ಗೋಡೆ ನೋಡಬೇಕು. ಕಾರಣ, ತಿರುಗಿಸಲಿಲ್ಲ.

೩. ಭಾವಿ ಬೀಗರು, ಅಂದರೆ ಹುಡುಗನ ತಂದೆ, ಮಾತು ಮುಗಿಸಲು ಬಂದರು. "ಹೇಗೂ ಬಂದಿದ್ದೀನಿ, ಮೀಸೆ ಸ್ವಲ್ಪ ಸರಿಮಾಡಿ ಬೀಗರೇ. ಸ್ವಲ್ಪ ಮಾತ್ರ!" ಎಂದು ಕೂತರು. ಹೆಂಡತಿಗೂ ಮುಟ್ಟಲು ಬಿಡದ ಮೀಸೆಯಂತೆ. ನೆರಳು ಬಂತು, ಕತ್ತಿ ಜಾರಿತು, ಬಲಭಾಗ ಪೂರ್ತಿ ಹೋಯಿತು. "ನನ್ನ ಮೀಸೇನೇ ಉಳಿಸದವರು ನನ್ನ ಮಗನಿಗೆ ಎಂಥಾ ಮಾವ ಆಗ್ತೀರಿ?" ಎಂದು ಅರ್ಧ ಮೀಸೆಯಲ್ಲೇ ಎದ್ದು ನಡೆದರು.

೪. ಕಾಯ್ದೆಯಲ್ಲಿ ಹೊಲ, ಮರ, ಬಾವಿ, ಕೊಟ್ಟಿಗೆಗೆಲ್ಲ ಪರಿಹಾರವಿದೆ, ಮೀಸೆಗಿಲ್ಲ. ಮಸೂದೆಗೆ ಮೇಜು ಕುಟ್ಟುವಾಗ ಮಾನ್ಯ ಸದಸ್ಯರು ಒಮ್ಮೆ ತಮ್ಮ ಮೂಗಿನ ಕೆಳಗೆ ನೋಡಿಕೊಳ್ಳಬಹುದಿತ್ತು.

೫. ಇನ್ನು ಅರ್ಜಿದಾರ ಗಿರ್ಜಿದಾರ ಬಿಟ್ಟು ಹೇಳುತ್ತೇನೆ ಸ್ವಾಮಿ. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕುರ್ಚಿ ತಾನೇ ತಿರುಗಿಸಿ, ಆ ಗೋಡೆಗೂ ಒಂದು ಕನ್ನಡಿ ಹೊಡೆಸಿದ್ದಾಳೆ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಬೀಗರು ಹೇಳಿಕಳಿಸಿದ್ದಾರೆ: "ತಪ್ಪು ಫ್ಯಾನಿಂದು ಅಂತ ಸರ್ಕಾರ ಬರೆದುಕೊಡ್ಲಿ, ಮದುವೆ ಮಾಡೋಣ."

ಆದ್ದರಿಂದ, ಪರಿಹಾರದ ಹಣ ಬೇಡ. ತಪ್ಪು ಫ್ಯಾನಿನದೆಂದು ಒಂದೇ ಸಾಲು ಬರೆದು ಸಹಿ ಹಾಕಿಕೊಡಬೇಕು. ಸ್ಥಳ ಪರಿಶೀಲನೆಗೆ ಮೀಸೆ ಇರುವ ಅಧಿಕಾರಿಯನ್ನು ಕಳಿಸಬಾರದೆಂದು ವಿನಂತಿ.

ಇಂತಿ, ಇನ್ನೂ ತಮ್ಮ ವಿಶ್ವಾಸಿ,
ಕ್ಷೌರಿಕ

ಲಗತ್ತುಗಳು:
೧) ಮೀಸೆಯ ಬಲಭಾಗ (ಮೂಲಪ್ರತಿ; ನಕಲು ಲಭ್ಯವಿಲ್ಲ).
೨) ಹುಡುಗನ ಹೇಳಿಕೆ: "ಅಪ್ಪನ ಮೀಸೆ ಬೆಳೆಯುತ್ತೆ, ಅಲ್ಲೀತನಕ ನಾನು ಕಾಯಲ್ಲ."

ವಿ.ಸೂ.: ಲಗತ್ತು ೧ರ ಮೇಲೆ ದಯವಿಟ್ಟು ಮೊಹರು ಒತ್ತಬೇಡಿ. ನೋಡಿದ ಮೇಲೆ ಹಿಂದಿರುಗಿಸಬೇಕು. ಮದುವೆಯ ಫೋಟೋಗೆ ಬೀಗರು ಅದನ್ನೇ ಅಂಟಿಸಿಕೊಳ್ಳುತ್ತಾರಂತೆ.