ಎಲ್ಲಿಗೆ ಅಂತ ಕೇಳಬಾರದು

ಉಜ್ಜನಪ್ಪ ಹೊಸಿಲು ದಾಟಿ ಇನ್ನೊಂದು ಹೆಜ್ಜೆ ಇಟ್ಟಿರಲಿಲ್ಲ, ಪಕ್ಕದ ಮನೆಯ ಶೇಷಮ್ಮ ದಾಸವಾಳದ ಗಿಡದ ಹಿಂದಿನಿಂದ ತಲೆ ಹೊರಗೆ ಹಾಕಿ, "ಎಲ್ಲಿಗೆ ಉಜ್ಜನಪ್ಪಾ?" ಎಂದುಬಿಟ್ಟಳು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳದೆ ಹೊಟ್ಟೆ ಉಬ್ಬರಿಸುವಂತಿದ್ದರೆ 'ದೂರ ಹೊರಟಿರಾ?' ಎನ್ನಬೇಕು. ಭದ್ರಾವತಿಯ ಹಳೇನಗರದಲ್ಲಿ ಇದು ಆಗಷ್ಟೇ ಮಾತು ಕಲಿತ ಮಗುವಿಗೂ ಗೊತ್ತು. ಯಾರಾದರೂ ಮರೆತು ಕೇಳಿಬಿಟ್ಟರೆ ಒಳಗೆ ವಾಪಸು ಬಂದು, ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೊಸದಾಗಿ ಹೊರಡಬೇಕು. ಉಜ್ಜನಪ್ಪನ ತಾಯಿ ಸುಭದ್ರಮ್ಮನಿಗಂತೂ ಈ ನಿಯಮ ಕಾರ್ಖಾನೆಯ ಸೈರನ್ನಿಗಿಂತ ಕಟ್ಟುನಿಟ್ಟು.

"ಒಳಗೆ ಬಾರೋ," ಎಂದಳು ಸುಭದ್ರಮ್ಮ ನಡುಮನೆಯಿಂದಲೇ. "ಜಗದಾಂಬಾ, ಇವನಿಗೆ ನೀರು ಕೊಡು."

"ಅವ್ವಾ, ರೈಲು ಹೋಗುತ್ತೆ!"

"ರೈಲು ಇನ್ನೊಂದು ಬರುತ್ತೆ. ಕೂತ್ಕೊ."

ಉಜ್ಜನಪ್ಪ ಕೂತ. ಕೂತನೆಂದರೆ ಕೂತಂತಲ್ಲ, ಕುದಿಯುವ ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಚಾಪೆಯ ಮೇಲೆ ತಟತಟ ಅನ್ನುತ್ತಿದ್ದ.

ಅವನ ಚಡಪಡಿಕೆಗೆ ಕಾರಣವಿತ್ತು. ಹಿಂದಿನ ದಿನ ಟೀ ಕಂಪನಿಯ ಏಜೆಂಟರು ಇವರ ಮನೆಯ ಅಂಗಡಿಗೆ ಬಂದು, ಇಡೀ ಜಿಲ್ಲೆಯಲ್ಲಿ ಅತಿ ಹೆಚ್ಚು ಟೀಪುಡಿ ಮಾರಿದ್ದು ಇದೇ ಅಂಗಡಿ ಎಂದು ಕೈ ಕುಲುಕಿ ಹೋಗಿದ್ದರು. ಬಹುಮಾನ, ಹದಿನೈದು ದಿನ ಇಬ್ಬರಿಗೆ ಒಂದು ದ್ವೀಪದ ಪ್ರವಾಸ. ಹಡಗು, ಊಟ, ವಸತಿ, ಕಾಗದಪತ್ರ ಎಲ್ಲ ಕಂಪನಿಯದೇ. ಲಂಕೆ, ಸಿಂಗಪುರ, ಅಂಡಮಾನ್, ಈ ಮೂರರಲ್ಲಿ ಒಂದನ್ನು ಆರಿಸಬೇಕು. ಯಾವುದೆಂದು ಶಿವಮೊಗ್ಗದ ಲಾಡ್ಜಿಗೆ ಬಂದು ಇವತ್ತು ಹೇಳಬೇಕು. ಸಂಜೆ ರೈಲಿಗೆ ಏಜೆಂಟರು ಹೊರಟುಬಿಡುತ್ತಾರೆ. ಅಷ್ಟರೊಳಗೆ ಹೇಳದಿದ್ದರೆ ಬಹುಮಾನ ತರೀಕೆರೆಯ ಅಂಗಡಿಯವರ ಪಾಲು.

ಉಜ್ಜನಪ್ಪನಿಗೆ ದ್ವೀಪದ ಹುಚ್ಚೇನೂ ಇರಲಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಜಗದಾಂಬಾಳಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಚಿತ್ರದುರ್ಗದ ಕಡೆಯ ಹುಡುಗಿ, ಕೆರೆ ತುಂಬಿದ್ದನ್ನೇ ಬೆರಳೆಣಿಕೆಯ ಸಲ ಕಂಡವಳು. ಆಮೇಲೆ ಅಂಗಡಿ, ಮಕ್ಕಳು, ಮಳೆಗಾಲ, ಮದುವೆ ಮುಂಜಿ ಎಂದು ಆ ಮಾತು ಹಿಂದೆ ಸರಿಯುತ್ತಾ ಹೋಯಿತು. ಅವಳು ಒಮ್ಮೆಯೂ ನೆನಪಿಸಿರಲಿಲ್ಲ. ಸಾಸಿವೆಗೆಂದು ಇಟ್ಟುಕೊಂಡಿದ್ದ ಹಳೆಯ ಟೀ ಡಬ್ಬಿಯ ಮೇಲೆ ನೀಲಿ ಸಮುದ್ರ, ಒಂದು ಹಡಗು, ಬಾಗಿದ ತೆಂಗಿನಮರ ಇದ್ದವು; ಅದನ್ನು ಮಾತ್ರ ದಿನಾ ಸೆರಗಿನಿಂದ ಒರೆಸಿಡುತ್ತಿದ್ದಳು. ಹಾಗೆ ಒರೆಸುವುದನ್ನು ಕಂಡಾಗಲೆಲ್ಲ ಉಜ್ಜನಪ್ಪನಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಂತಾಗುತ್ತಿತ್ತು. ಮೀನು ಮುಟ್ಟದ ಮನೆತನದವನಾದ್ದರಿಂದ ಅದು ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

"ಲಂಕೆ ಅಂತ ಹೇಳೋಣ ಅಂತಿದೀನಿ," ಎಂದ ಅವನು, ನೀರು ಕುಡಿಯುತ್ತಾ.

"ಲಂಕೆಗಾ?" ಶೇಷಮ್ಮ ಹೂವಿನ ಬುಟ್ಟಿಯ ಸಮೇತ ಒಳಗೇ ಬಂದು ಕಂಬಕ್ಕೆ ಒರಗಿದಳು. "ಹೆಂಡ್ತಿನ ಕರ್ಕೊಂಡು ಲಂಕೆಗೆ ಹೋಗ್ತಾರೇನೋ ಯಾರಾದ್ರೂ? ಹರಿಕಥೆ ಕೇಳಿಲ್ವಾ ನೀನು?"

"ಆಗ ಕರ್ಕೊಂಡು ಹೋದೋನು ಗಂಡ ಅಲ್ಲ ಶೇಷಕ್ಕ, ಬೇರೆಯವ್ನು."

"ಯಾರಾದ್ರೇನು, ಊರು ಅದೇ ತಾನೆ? ಸಿಂಗಪುರಕ್ಕೆ ಹೋಗು ಮಾರಾಯ. ಒಗೆದ್ರೆ ಇಸ್ತ್ರಿ ಬೇಡದ ಸೀರೆ ಸಿಗುತ್ತಂತೆ ಅಲ್ಲಿ. ನಂಗೊಂದು ತಂದ್ರೆ ಸಾಕು. ಬಣ್ಣ ಯಾವ್ದಾದ್ರೂ ಆಗುತ್ತೆ. ಹಸಿರು ಬೇಡ. ಹಳದಿನೂ ಬೇಡ. ಕೆಂಪು ನನ್ನತ್ರ ಇದೆ."

"ಸಮುದ್ರ ದಾಟೋದೇ ಬೇಡ," ಎಂದಳು ಸುಭದ್ರಮ್ಮ, ಯಾರೂ ಕೇಳದಿದ್ದರೂ.

ಲಂಕೆಯ ವಿಷಯದಲ್ಲಿ ಉಜ್ಜನಪ್ಪನ ಮನಸ್ಸಿಗೆ ಅಳುಕು ಬಂದಾಗಿತ್ತು. ಜಗದಾಂಬಾ ಅಡಿಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. "ದ್ವೀಪ ಅಂದ್ಮೇಲೆ ಯಾವ್ದೇ ಆದ್ರೂ ಸುತ್ತ ಸಮುದ್ರ ಇರುತ್ತಲ್ಲ," ಎಂದಳು ಮೆಲ್ಲಗೆ. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಕೂಗಿ, ಹೊರಟೂ ಹೋಯಿತು.

ಉಜ್ಜನಪ್ಪ ಎರಡನೆಯ ಸಲ ಹೊರಟಾಗ ಮನಸ್ಸಿನಲ್ಲಿ ಸಿಂಗಪುರವಿತ್ತು. ಬಸ್ ಹಿಡಿಯೋಣವೆಂದು ಬೀದಿಯ ತಿರುವಿನವರೆಗೆ ಬಂದ. ಅಲ್ಲಿ ಕಟ್ಟೆಯ ಮೇಲೆ ಹೂವಪ್ಪ ಕೂತಿದ್ದ. ಪೊಲೀಸ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದ ಮನುಷ್ಯ. ಸಮವಸ್ತ್ರ ಹೋಗಿದ್ದರೂ ಬಾಯಿ ಇನ್ನೂ ಡ್ಯೂಟಿಯಲ್ಲಿತ್ತು.

"ಯಾರದು? ಎಲ್ಲಿಗೆ?"

ಉಜ್ಜನಪ್ಪ ಕೇಳಿಸದವನಂತೆ ಹೋಗಿಬಿಡುತ್ತಿದ್ದ. ಆದರೆ ಜಗುಲಿಯ ಮೇಲೆ ನಿಂತು ನೋಡುತ್ತಿದ್ದ ಸುಭದ್ರಮ್ಮನ ಕಿವಿ ಸಣ್ಣದಲ್ಲ. "ಉಜ್ಜನೀ! ವಾಪಸ್ ಬಾ!" ಎಂಬ ಕೂಗು ಬೀದಿಯ ಆ ತುದಿಯಿಂದ ಬಂತು.

ಮತ್ತೆ ಚಾಪೆ, ಮತ್ತೆ ನೀರು. ತಪ್ಪು ಮಾಡಿದೆನಲ್ಲ ಎಂದು ಹೂವಪ್ಪನೂ ಹಿಂದೆಯೇ ಬಂದ. ಬಂದವನು ಸುಮ್ಮನಿರಬೇಕಲ್ಲ.

"ಸಿಂಗಪುರದಲ್ಲಿ ಊಟಕ್ಕೆ ಏನ್ ಮಾಡ್ತೀಯ? ತಟ್ಟೇಲಿ ಎಳೆ ಎಳೆಯಾಗಿ ಏನೋ ಹಾಕ್ತಾರಂತೆ. ಶಾವಿಗೆ ಅಂತ ತಿಂದ್ರೆ ಶಾವಿಗೆ ಅಲ್ವಂತೆ."

"ಮತ್ತೇನಂತೆ?"

"ಅದನ್ನ ಕೇಳ್ಬಾರ್ದು."

ಉಜ್ಜನಪ್ಪ ಲೋಟ ಕೆಳಗಿಟ್ಟ. ಸುಭದ್ರಮ್ಮ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡಳು.

"ಅಂಡಮಾನ್‌ಗೆ ಹೋಗು," ಎಂದ ಹೂವಪ್ಪ. "ನಮ್ಮ ಸಾಹೇಬ್ರೊಬ್ರು ಡ್ಯೂಟಿ ಮೇಲೆ ಹೋಗಿ ಬಂದಿದ್ರು. ಭದ್ರವಾದ ಜಾಗ! ಅಲ್ಲಿನ ಗೋಡೆ ನೋಡ್ಬೇಕಂತೆ. ಸುತ್ತ ನೀರು, ಹೊತ್ತು ಹೊತ್ತಿಗೆ ಊಟ, ಕಾಯೋಕೆ ಜನ. ಕಳ್ಳರ ಭಯವೇ ಇಲ್ಲ."

ಇಷ್ಟು ಭದ್ರತೆ ಯಾಕಿರಬಹುದೆಂದು ಯೋಚಿಸುವಷ್ಟು ತಾಳ್ಮೆ ಉಜ್ಜನಪ್ಪನಿಗೆ ಆಗ ಇರಲಿಲ್ಲ. ಹೊತ್ತು ನೆತ್ತಿಗೇರಿತ್ತು.

"ಇವನನ್ನ ಒಬ್ಬನೇ ಬಿಟ್ರೆ ಆಗಲ್ಲ," ಎಂದು ಸುಭದ್ರಮ್ಮ ಎದ್ದಳು. "ನಾನೂ ಬರ್ತೀನಿ. ಯಾರು ಬಾಯಿ ಬಿಡ್ತಾರೋ ನೋಡ್ತೀನಿ. ಜಗದಾಂಬಾ, ಚೊಂಬಲ್ಲಿ ನೀರು ತಗೊಂಡು ನೀನೂ ಬಾ."

ಮೂವರೂ ಹೊರಟರು. ಮುಂದೆ ಸುಭದ್ರಮ್ಮ, ಕಳ್ಳನನ್ನು ಹಿಡಿಯುವವಳಂತೆ ಎಡಕ್ಕೂ ಬಲಕ್ಕೂ ಕಣ್ಣು ಬಿಡುತ್ತಾ, ನಡುವೆ ಉಜ್ಜನಪ್ಪ, ಹಿಂದೆ ಚೊಂಬು ಹಿಡಿದ ಜಗದಾಂಬಾ. ದಾರಿಯಲ್ಲಿ ಅವರದೇ ಅಂಗಡಿ ಸಿಕ್ಕಿತು. ಬಾಗಿಲ ಮೇಲೆ 'ಸುಭದ್ರಮ್ಮ ಟೀ ಡಿಪೋ' ಎಂಬ ಬೋರ್ಡು. ಉಜ್ಜನಪ್ಪನ ಅಪ್ಪ ಯಾವುದೋ ಜಗಳದ ರಾಜಿಗಾಗಿ ಹೆಂಡತಿಯ ಹೆಸರಲ್ಲಿ ತೆರೆದ ಅಂಗಡಿ ಅದು. ಅಪ್ಪ ಹೋದ ಮೇಲೂ ಆ ಹೆಸರನ್ನು ಬದಲಾಯಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪಾಳಿ ಮುಗಿಸಿ ಬರುವ ಕಾರ್ಖಾನೆಯವರಿಗೆ ಸುಭದ್ರಮ್ಮ ಒಂದೊಂದು ಗುಟುಕು ಟೀ ಮಾಡಿಕೊಟ್ಟು ರುಚಿ ಹತ್ತಿಸುತ್ತಿದ್ದಳು. ಗುಟುಕು ಕುಡಿದವರು ಪೊಟ್ಟಣ ಕೊಳ್ಳದೆ ಹೋಗುತ್ತಿರಲಿಲ್ಲ. ಉಜ್ಜನಪ್ಪ ಪೊಟ್ಟಣ ಕಟ್ಟುತ್ತಿದ್ದ.

ಬೀದಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಸುಭದ್ರಮ್ಮನ ಮುಖ ನೋಡಿ ನಾಯಿಗಳೂ ಪಕ್ಕಕ್ಕೆ ಸರಿದವು. ಬಸ್ಸೂ ಸಿಕ್ಕಿತು, ಸೀಟೂ ಸಿಕ್ಕಿತು, ಬಸ್ಸು ಹೊರಟಿತು. ಉಜ್ಜನಪ್ಪ ಕಣ್ಣು ಮುಚ್ಚಿ ಅಂಡಮಾನಿನ ತೆಂಗಿನಮರಗಳನ್ನು ನೆನೆಯುತ್ತಿದ್ದಾಗ ಕಂಡಕ್ಟರ್ ಬಂದ.

"ಎಲ್ಲಿಗೆ ಸ್ವಾಮಿ?"

"ಅಂಡಮಾನಿಗೆ, ಎರಡು," ಎಂದುಬಿಟ್ಟ ಉಜ್ಜನಪ್ಪ.

ಮುಂದಿನ ಸೀಟಿನವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು.

"ಅಲ್ಲಿಗೆ ಸರ್ಕಾರದೋರೇ ಕರ್ಕೊಂಡು ಹೋಗ್ತಾರೆ ಸ್ವಾಮಿ," ಎಂದ ಕಂಡಕ್ಟರ್. "ಟಿಕೆಟ್ ಬೇಕಾಗಲ್ಲ."

ಪಕ್ಕದಲ್ಲಿ ಕೂತಿದ್ದ ರೈತ ತನ್ನ ಚೀಲವನ್ನು ತೊಡೆಯ ಮೇಲಕ್ಕೆ ಎತ್ತಿಕೊಂಡ. ಆಮೇಲೆ ಕರುಣೆ ಬಂದು ಕಿವಿಯ ಹತ್ತಿರ ಕೇಳಿದ. "ಎಷ್ಟು ವರ್ಷ ಹಾಕಿದ್ರು?"

"ಹದಿನೈದು ದಿನ."

"ಅಷ್ಟೇನಾ! ನಿಮ್ಮ ವಕೀಲ್ರು ಯಾರು ಅಂತ ಸ್ವಲ್ಪ ಹೇಳ್ತೀರಾ?"

ಸುಭದ್ರಮ್ಮನಿಗೆ ಏಕಕಾಲಕ್ಕೆ ಎರಡು ಆಘಾತ. ಒಂದು, ಹೂವಪ್ಪ ಹೇಳಿದ್ದ ಗೋಡೆ ಯಾವ ಗೋಡೆ ಎಂದು ಈಗ ತಿಳಿದದ್ದು. "ನಮ್ಮ ವಂಶದಲ್ಲಿ ಯಾರೂ ಜೈಲಿಗೆ ಹೋಗಿಲ್ಲ, ಬಹುಮಾನ ಅಂತ ಕೊಟ್ರೂ ಹೋಗಲ್ಲ!" ಎಂದಳು. ಎರಡು, ಕಂಡಕ್ಟರ್ ಕೇಳಬಾರದ್ದನ್ನು ಕೇಳಿದ್ದು.

"ಬಸ್ ನಿಲ್ಸಪ್ಪಾ. ಇಳೀಬೇಕು."

"ಎಲ್ಲಿಗೆ ಅಂತ ಕೇಳ್ದೆ ಟಿಕೆಟ್ ಹೆಂಗೆ ಹರೀಲಿ ಅಜ್ಜಿ?" ಕಂಡಕ್ಟರ್‌ಗೆ ಅಳುವೇ ಬರುವಂತಾಯಿತು.

"ದೂರ ಹೊರಟ್ರಾ ಅಂತ ಕೇಳು!"

ನಡುದಾರಿಯಲ್ಲಿ, ನಿದಿಗೆ ಎಂಬ ಊರಿನ ಹತ್ತಿರ, ಮೋರಿಯ ಕಟ್ಟೆಯ ಮೇಲೆ ಮೂವರೂ ಕೂತರು. ಚೊಂಬಿನ ನೀರು ಕುಡಿದಾಯಿತು. ಉಜ್ಜನಪ್ಪ ಕೂರುವುದು, ಏಳುವುದು, ನೆರಳು ನೋಡುವುದು, ಮತ್ತೆ ಕೂರುವುದು. ಮೂರು ದ್ವೀಪಗಳೂ ಮುಳುಗಿಹೋಗಿದ್ದವು. ಹೇಳಲು ಒಂದು ಹೆಸರೂ ಉಳಿದಿರಲಿಲ್ಲ, ಹೇಳುವುದಕ್ಕೆ ಹೋಗಲು ಒಂದು ಬಂಡಿಯೂ ಇರಲಿಲ್ಲ.

ಜಗದಾಂಬಾ ರಸ್ತೆಯನ್ನೇ ನೋಡುತ್ತಿದ್ದಳು. "ಈ ರಸ್ತೆ ಹೀಗೇ ಹೋದ್ರೆ ಹೊನ್ನಾವರ ಅಂತಲ್ರೀ? ಅಲ್ಲಿ ಸಮುದ್ರ ಇದೆಯಂತೆ."

"ನಾನಿಲ್ಲಿ ದ್ವೀಪಕ್ಕೆ ಒದ್ದಾಡ್ತಿದ್ರೆ ನೀನು ರಸ್ತೆ ಮಾತಾಡ್ತೀಯಲ್ಲ ಮಾರಾಯ್ತಿ!" ಎಂದ ಉಜ್ಜನಪ್ಪ.

ಆಗ ಬಾಬು ಸಾಬನ ಲಾರಿ ಬಂತು. ಹಳೇನಗರದವನೇ, ಕಾಗದದ ಕಾರ್ಖಾನೆಗೆ ಬಿದಿರು ಇಳಿಸಿ ಖಾಲಿ ವಾಪಸು ಹೋಗುತ್ತಿದ್ದ. ಲಾರಿ ನಿಲ್ಲಿಸಿ ಬಾಯಿ ತೆರೆದ. ಸುಭದ್ರಮ್ಮ ಕೈ ಎತ್ತಿದಳು.

"ಏನೂ ಕೇಳಲ್ಲ ಅಮ್ಮ, ನಂಗೊತ್ತಿಲ್ವಾ?" ಎಂದು ನಕ್ಕ ಬಾಬು ಸಾಬ್. "ಹತ್ತಿ ಹತ್ತಿ."

ಹೆಂಗಸರಿಬ್ಬರೂ ಮುಂದೆ ಕೂತರು. ಉಜ್ಜನಪ್ಪ ಹಿಂದೆ, ಬಿದಿರಿನ ಸಿಬಿರುಗಳ ನಡುವೆ. ಲಾರಿ ತುಂಗೆಯ ಸೇತುವೆ ದಾಟಿತು. ಲಾಡ್ಜು ಕಂಡಿತು. ಲಾಡ್ಜು ಹಿಂದಕ್ಕೂ ಹೋಯಿತು. ಉಜ್ಜನಪ್ಪ ಡ್ರೈವರನ ತಲೆಯ ಮೇಲಿನ ತಗಡನ್ನು ದಬದಬ ಬಡಿದ. ಅವಸರವಿದೆಯೆಂದು ತಿಳಿದು ಬಾಬು ಸಾಬ್ ಇನ್ನೂ ಜೋರಾಗಿ ಓಡಿಸಿದ. ಲಾರಿ ನಿಂತದ್ದು ಊರು ಮುಗಿದು, ಆಲ್ಕೊಳ ದಾಟಿ, ಅವನ ಬಿದಿರಿನ ಡಿಪೋದ ಮುಂದೆ.

"ಲಾಡ್ಜ್ ಹತ್ರ ಇಳಿಸ್ಬೇಕಿತ್ತಲ್ಲೋ!" ಎಂದು ಉಜ್ಜನಪ್ಪ ಮೇಲಿನಿಂದಲೇ ಕಿರುಚಿದ.

"ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ ಅಣ್ಣ."

"ಅವ್ವಾ, ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೋಗೋ ಜಾಗ ಬಾಯಿ ಬಿಟ್ಟು ಹೇಳ್ಬಾರ್ದು ಕಣೋ," ಎಂದಳು ಸುಭದ್ರಮ್ಮ ಶಾಂತವಾಗಿ.

ಲಾರಿ ತಿರುಗಿಸಿಕೊಂಡು ಲಾಡ್ಜಿಗೆ ಬರುವಷ್ಟರಲ್ಲಿ ಏಜೆಂಟರ ಟ್ರಂಕು ಜಟಕಾ ಹತ್ತಿತ್ತು. ಹಣೆಯ ಮೇಲೆ ಬಿದಿರಿನ ಧೂಳು, ತಲೆಯಲ್ಲಿ ಎರಡು ಒಣ ಎಲೆ, ಉಜ್ಜನಪ್ಪ ಒಳಗೆ ನುಗ್ಗಿದ ರೀತಿಗೆ ಏಜೆಂಟರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆಮೇಲೆ ಗುರುತು ಹಿಡಿದು ಸಂತೋಷಪಟ್ಟರು. ಸುಭದ್ರಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಟೀ ತರಿಸಿದರು. ಸುಭದ್ರಮ್ಮ ಹೊರಗೆ ನೀರು ಮುಟ್ಟುವವಳಲ್ಲ. ಆದರೆ ಟೀ ಕುದ್ದದ್ದು. ಕುದ್ದದ್ದಕ್ಕೆ ದೋಷವಿಲ್ಲ ಎಂದು ಅವಳೇ ಮಾಡಿಕೊಂಡ ನಿಯಮವೊಂದಿತ್ತು.

"ಅಂಗಡಿ ಮಾಲೀಕರೇ ಬಂದಿದ್ದು ಬಹಳ ಒಳ್ಳೇದಾಯ್ತು," ಎಂದರು ಏಜೆಂಟರು.

"ಹೌದು, ನಾನೇ ಬರ್ಬೇಕು ಅಂತ ಬೆಳಿಗ್ಗೆಯಿಂದ..." ಎಂದು ಉಜ್ಜನಪ್ಪ ಶುರುಮಾಡಿದ.

"ನೀವಲ್ಲ ಸ್ವಾಮಿ, ಇವರು. ಸುಭದ್ರಮ್ಮ ಟೀ ಡಿಪೋ ಅಂದ್ರೆ ಇವರೇ ತಾನೆ? ಬಹುಮಾನ ಮಾಲೀಕರಿಗೆ, ಜೊತೆಗೆ ಅವರು ಹೇಳಿದ ಒಬ್ಬರಿಗೆ." ಏಜೆಂಟರು ಬಗ್ಗಿ, ವಿನಯದಿಂದ ಕೇಳಿದರು. "ಹೇಳಿ ಅಮ್ಮ, ಎಲ್ಲಿಗೆ?"

ಉಜ್ಜನಪ್ಪ ಬಾಗಿಲಾಚೆಯ ಜಟಕಾದ ಕಡೆ ನೋಡಿದ. ಕೇಳಿಬಿಟ್ಟರು! ಈಗ ಅವ್ವ ಎದ್ದು ನಿಲ್ಲುತ್ತಾಳೆ, ಚೊಂಬು ಕೇಳುತ್ತಾಳೆ, ಜಟಕಾ ಹೊರಡುತ್ತದೆ, ತರೀಕೆರೆಯವನು ಹಡಗು ಹತ್ತುತ್ತಾನೆ.

ಸುಭದ್ರಮ್ಮ ಟೀ ಗುಟುಕರಿಸಿದಳು. "ಲಂಕೆಗೆ," ಎಂದಳು.

"ಅವ್ವಾ!"

"ಏನೋ? ಈ ಟೀ ಸೊಪ್ಪು ಎಲ್ಲಿ ಬೆಳೆಯುತ್ತೆ ಅಂತ ಒಂದ್ಸಲ ನೋಡ್ಬೇಡ್ವಾ ನಾನು? ನಿಮ್ಮಪ್ಪ ಹೋದಾಗಿಂದ ಕುದಿಸಿ ಕುದಿಸಿ ಕೊಟ್ಟಿದೀನಿ."

"ಸಮುದ್ರ ದಾಟೋದೇ ಬೇಡ ಅಂದೆ?"

"ನೀನು ದಾಟೋದು ಬೇಡ ಅಂದೆ."

"ಅವ್ರು ಎಲ್ಲಿಗೆ ಅಂತ ಕೇಳಿದ್ರಲ್ಲವ್ವಾ! ನೀರು ಕುಡಿದು ಕೂರ್ಬೇಡ್ವಾ?"

"ಕೂತೇ ಇದೀನಲ್ಲೋ. ಆ ಮಾತು ಎದ್ದು ಹೊರಟೋರಿಗೆ." ಸುಭದ್ರಮ್ಮ ಏಜೆಂಟರ ಕಡೆ ತಿರುಗಿದಳು. "ನನ್ನ ಜೊತೆ ಸೊಸೆ ಬರ್ತಾಳೆ. ಇವನು ಬಂದ್ರೆ ಅಂಗಡಿ ನೋಡ್ಕೊಳ್ಳೋರ್ಯಾರು? ಅಲ್ದೆ ಇವನು ಹೊರಟಾಗೆಲ್ಲ ಯಾರಾದ್ರೂ ಎಲ್ಲಿಗೆ ಅಂತಾರೆ. ಇವನನ್ನ ಹತ್ತಿಸ್ಕೊಂಡ್ರೆ ಹಡಗು ದಡ ಬಿಡಲ್ಲ."

ಏಜೆಂಟರು ಕೈ ಮುಗಿದು ಜಟಕಾ ಹತ್ತಿದರು. ಉಜ್ಜನಪ್ಪ ಹೆಂಡತಿಯ ಮುಖ ನೋಡಿದ. ಬೇಡ ಅಂದಾಳು, ನೀವಿಲ್ಲದೆ ಹೋಗಲಾರೆ ಅಂದಾಳು ಎಂದು ಅವನಿಗೊಂದು ಆಸೆ. ಜಗದಾಂಬಾಳ ಕಣ್ಣು ಮಾತ್ರ ಬಾಣಲೆಗೆ ಬಿದ್ದ ಹಪ್ಪಳದಂತೆ ಅರಳಿಕೊಂಡಿತ್ತು.

ವಾಪಸು ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತು, ಚಕ್ಕುಲಿ ಎಷ್ಟು, ಚಟ್ನಿಪುಡಿ ಎಷ್ಟು, ಹಡಗಿನಲ್ಲಿ ಒಲೆ ಇರುತ್ತದೋ ಇಲ್ಲವೋ ಎಂದು ಮಾತಿಗಿಳಿದಿದ್ದರು. ನಡುವೆ ಒಮ್ಮೆ ಜಗದಾಂಬಾ ಹಿಂದಕ್ಕೆ ತಿರುಗಿದಳು.

"ರೀ, ಒಗ್ಗರಣೆಗೆ ಸಾಸಿವೆ ಆ ಟೀ ಡಬ್ಬಿಯಲ್ಲೇ ಇರುತ್ತೆ. ಕೈಗೆ ಸಿಗೋ ಹಾಗೆ ಕೆಳಗೆ ಇಟ್ಟು ಹೋಗ್ತೀನಿ." ಸ್ವಲ್ಪ ತಡೆದು ಅಂದಳು, "ದಿನಾ ಒರೆಸಿ. ಇಲ್ದಿದ್ರೆ ಸಮುದ್ರ ಮಸುಕಾಗುತ್ತೆ."

ಉಜ್ಜನಪ್ಪ ತಲೆಯಾಡಿಸಿದ. ಅಷ್ಟರಲ್ಲಿ ಕಂಡಕ್ಟರ್ ಬಂದ. ಮಧ್ಯಾಹ್ನದವನೇ. ಸುಭದ್ರಮ್ಮನನ್ನು ಕಂಡೊಡನೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಟಿಕೆಟ್ ಪುಸ್ತಕವನ್ನು ಎದೆಗೊತ್ತಿ ಹಿಡಿದು, ಉಜ್ಜನಪ್ಪನನ್ನು ಬಹಳ ಮರ್ಯಾದೆಯಿಂದ ಕೇಳಿದ.

"ದೂರ ಹೊರಟ್ರಾ ಸ್ವಾಮಿ?"

"ಇಲ್ಲ ಮಾರಾಯ," ಎಂದ ಉಜ್ಜನಪ್ಪ. "ದೂರ ಹೊರಟಿರೋದು ಅವರಿಬ್ರು. ನಂಗೆ ಹಳೇನಗರಕ್ಕೆ ಒಂದು ಕೊಡು."