ಮೂರು ರೂಟರು, ಒಂದು ಕುಚ್ಚಿನ ಕ್ಲಾಸು

ಕುವೆಂಪುನಗರದ ಯೋಗೇಂದ್ರ ಆ ಶನಿವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಲಗೈ ಎಂಜಲಾಗಿದ್ದರಿಂದ ಎಡಗೈಯನ್ನೇ ಎದೆಯ ಮೇಲಿಟ್ಟುಕೊಂಡು ಘೋಷಿಸಿದ: "ಇನ್ನು ಮೇಲೆ ಈ ಮನೇಲಿ ಇಂಟರ್ನೆಟ್ ಹೋಯ್ತು ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು."

ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ಯೋಗೇಂದ್ರನ ಪ್ರತಿಜ್ಞೆಗೆ ಅವನ ಹೆಂಡತಿ ಕುಸುಮ ಇನ್ನೊಂದು ಸೌಟು ಉಪ್ಪಿಟ್ಟು ಸುರಿದಳು.

"ಪ್ರತಿಜ್ಞೆ ಆಮೇಲೆ ಮಾಡೀರಂತೆ. ಮೊದಲು ಮಹಡಿಗೆ ಹೋಗೋ ವೈರನ್ನ ಇಲಿ ಕಡಿದಿದೆಯಲ್ಲ, ಅದನ್ನ ಬದಲಾಯಿಸಿ. ನಾಳೆ ಹನ್ನೊಂದು ಗಂಟೆಗೆ ನನ್ನ ಕ್ಲಾಸು."

ಕುಸುಮಳದು ಸೀರೆಯ ಸೆರಗಿಗೆ ಕುಚ್ಚು ಕಟ್ಟುವ ಕೈ. ಆ ಬಡಾವಣೆಯ ಅರ್ಧದಷ್ಟು ಮದುವೆ ಸೀರೆಗಳು ಅವಳ ಸೂಜಿಯ ಕೆಳಗೆ ಹಾದು ಹೋಗಿದ್ದವು. ಈಗ ಮೊದಲ ಬಾರಿಗೆ ಆನ್‌ಲೈನಿನಲ್ಲಿ ಕಲಿಸಲು ಹೊರಟಿದ್ದಳು. ಹಿನಕಲ್‌ನಿಂದ ಹಿಡಿದು ಹುಬ್ಬಳ್ಳಿಯವರೆಗೆ ನಲವತ್ತೆರಡು ಜನ ಹೆಂಗಸರು ಹೆಸರು ಕೊಟ್ಟಿದ್ದರು. ಮೊದಲ ದಿನ ನೋಡುತ್ತೇವೆ, ಹಿಡಿಸಿದರೆ ಮುಂದುವರಿಯುತ್ತೇವೆ ಎಂಬುದು ಅವರ ಕರಾರು. ಹಾಗಾಗಿ ಭಾನುವಾರದ ಆ ಒಂದು ಗಂಟೆಯ ಮೇಲೆ ಕುಸುಮಳ ಎರಡು ತಿಂಗಳ ತಯಾರಿ ನಿಂತಿತ್ತು.

"ವೈರು ಬದಲಾಯಿಸೋದು ಸಾಮಾನ್ಯರ ಕೆಲಸ," ಎಂದ ಯೋಗೇಂದ್ರ. "ನಾನು ಮಾಡೋದು ಡೈನಾಮಿಕ್ ರೂಟಿಂಗು."

ಅವನು ಖಾಸಗಿ ಪಾಲಿಟೆಕ್ನಿಕ್ ಒಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್. ಅಲ್ಲಿನ ಲ್ಯಾಬಿನ ಹಳೇ ಸಾಮಾನು ಹರಾಜಾದಾಗ ಇಡ್ಲಿ ಪಾತ್ರೆಯಷ್ಟು ತೂಕದ ಮೂರು ರೂಟರುಗಳನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಆನೆಯ ಮೇಲೆ ಅಂಬಾರಿ ತಂದವನ ಗತ್ತಿನಲ್ಲಿ ಮನೆಗೆ ತಂದಿದ್ದ. ಹದಿನೈದು ದಿನ ಅವುಗಳ ಬಗ್ಗೆ ವಿಡಿಯೋ ನೋಡಿ ನೋಡಿ, ನಿದ್ದೆಗಣ್ಣಿನಲ್ಲೂ ಕಮಾಂಡು ಗೊಣಗುತ್ತಿದ್ದ.

"ನೋಡು ಕುಸುಮಾ, ಇಷ್ಟು ದಿನ ಯಾವ ಡೇಟಾ ಯಾವ ಕಡೆ ಹೋಗಬೇಕು ಅಂತ ನಾನೇ ಕೈಯಾರೆ ದಾರಿ ಬರೆದುಕೊಡ್ತಿದ್ದೆ. ಇನ್ನು ಹಾಗಿಲ್ಲ. ಕೆಳಗೊಂದು ರೂಟರು, ಮಹಡೀಲಿ ಒಂದು, ಹಿತ್ತಲ ಮನೇಲಿ ಒಂದು. ಮೂರೂ ಒಂದನ್ನೊಂದು ಕೇಳ್ಕೊಂಡು ತಾವೇ ದಾರಿ ಕಂಡುಹಿಡೀತವೆ. ಒಂದು ದಾರಿ ಮುಚ್ಚಿದ್ರೆ ಇನ್ನೊಂದರಲ್ಲಿ ಹೋಗ್ತವೆ."

"ಕೇಳ್ತವಾ? ಪರವಾಗಿಲ್ಲ, ನಿಮಗಿಂತ ವಾಸಿ. ಹೋದ ತಿಂಗಳು ಇಲವಾಲಕ್ಕೆ ಅಂತ ಹೊರಟು, ಯಾರನ್ನೂ ಕೇಳದೆ ನನಗೆ ಹುಣಸೂರು ತೋರಿಸ್ಕೊಂಡು ಬಂದ್ರಿ."

ಯೋಗೇಂದ್ರ ಇದನ್ನು ಕೇಳಿಸಿಕೊಳ್ಳಲಿಲ್ಲ. ಇಲಿ ಕಡಿದ ವೈರನ್ನೂ ಮುಟ್ಟಲಿಲ್ಲ. ಅದು ಹಾಗೇ ತುಂಡಾಗಿ ಬಿದ್ದಿದ್ದರೆ ತಾನೆ ರೂಟರುಗಳ ಜಾಣತನಕ್ಕೆ ಪರೀಕ್ಷೆ? ಇಲಿಯನ್ನು ಅವನು ಪರೀಕ್ಷಾಧಿಕಾರಿಯಾಗಿ ನೇಮಿಸಿಕೊಂಡಿದ್ದ.

ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದವರು ಷಡಕ್ಷರಿ. ಅಂಚೆ ಇಲಾಖೆಯಿಂದ ನಿವೃತ್ತರಾದ, ಯಾರಿಗೂ ಯಾವತ್ತೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ದಾಕ್ಷಿಣ್ಯದ ಮೂರ್ತಿ. ಯೋಗೇಂದ್ರ ರೂಟರನ್ನು ಸೊಂಟದ ಮೇಲೆ ಹೊತ್ತುಕೊಂಡು ಅವರ ಬಾಗಿಲಲ್ಲಿ ನಿಂತ.

"ಸಾರ್, ಇದೊಂದನ್ನ ನಿಮ್ಮ ಮನೇಲಿ ಇಡಬಹುದಾ?"

"ಧಾರಾಳವಾಗಿ ಇಡಿ. ನಿಮ್ಮದೇ ಮನೆ."

"ನಿಮ್ಮದೂ ಒಂದು ಇಂಟರ್ನೆಟ್ ಲೈನು ಇದೆ ಅಲ್ವಾ ಸಾರ್?"

ಷಡಕ್ಷರಿಯವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ಮನೆ ಮಾಲೀಕನನ್ನು ನೋಡಿದರು.

"ಇದೆ, ಇದೆ. ಇರದೆ ಏನು."

"ಚೆನ್ನಾಗಿ ಬರುತ್ತಾ?"

"ನಿಮ್ಮ ಮನೇಲಿ ಹೆಂಗೆ ಬರುತ್ತೋ ಹಂಗೇ ಬರುತ್ತೆ."

ಈ ಉತ್ತರದಲ್ಲಿ ಎಂಥ ಪರಮಸತ್ಯ ಅಡಗಿತ್ತು ಎಂಬುದು ಯೋಗೇಂದ್ರನಿಗೆ ಆಗ ಹೊಳೆಯಲಿಲ್ಲ. ಕಿಟಕಿಯಿಂದ ಒಳಬಂದಿದ್ದ ಕಪ್ಪು ಕೇಬಲ್ಲು, ಅದರ ತುದಿಗೆ ಧೂಳು ಹಿಡಿದ ಒಂದು ಪೆಟ್ಟಿಗೆ. ಅದರ ಪ್ಲಗ್ ಚುಚ್ಚಿದ ಕೂಡಲೇ ದೀಪ ಉರಿಯಿತು. ದೀಪ ಉರಿದರೆ ಲೈನಿದೆ ಎಂದರ್ಥ ಮಾಡಿಕೊಂಡ. ದೀಪ ಉರಿಯಲು ಕರೆಂಟ್ ಇದ್ದರೆ ಸಾಕು ಎಂಬ ಅನುಮಾನ ಅವನ ಬಳಿ ಸುಳಿಯಲಿಲ್ಲ.

ಶನಿವಾರ ಸಂಜೆಯ ಹೊತ್ತಿಗೆ ಸಾಮ್ರಾಜ್ಯ ಸ್ಥಾಪನೆಯಾಯಿತು. ಮಹಡಿಯ ರೂಟರಿನಿಂದ ಹಿತ್ತಲ ಮನೆಗೆ, ಹಿತ್ತಲ ಮನೆಯಿಂದ ಕೆಳಗಿನ ರೂಟರಿಗೆ, ಅಲ್ಲಿಂದ ಯೋಗೇಂದ್ರನ ಲೈನಿಗೆ, ಡೇಟಾ ಬಳಸಿಕೊಂಡು ಹೋಗಿ ಹೊರಗಿನ ಲೋಕ ಸೇರಿತು. ಕುಸುಮ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿ, "ಪರವಾಗಿಲ್ಲ ಕಣ್ರೀ, ಬರ್ತಿದೆ," ಎಂದಳು. ಮದುವೆಯಾದ ಮೇಲೆ ಅವಳಿಂದ ಇಂಥ ಪ್ರಶಸ್ತಿ ಸಿಕ್ಕಿದ್ದು ಅದು ಎರಡನೇ ಸಲ.

ಅಲ್ಲಿಗೆ ಸುಮ್ಮನಿದ್ದರೆ ಯೋಗೇಂದ್ರನನ್ನು ಇವತ್ತಿಗೂ ಆ ಬೀದಿಯವರು ಪಂಡಿತ ಎನ್ನುತ್ತಿದ್ದರು. ಆದರೆ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅವನ ತಲೆಗೊಂದು ಯೋಚನೆ ಹೊಕ್ಕಿತು. ಹನ್ನೊಂದಕ್ಕೆ ಕ್ರಿಕೆಟ್ ಪಂದ್ಯ. ಅದೇ ಹನ್ನೊಂದಕ್ಕೆ ನಲವತ್ತೆರಡು ಹೆಂಗಸರು ವಿಡಿಯೋ ಹಾಕಿಕೊಂಡು ತನ್ನ ಲೈನಿನ ಮೇಲೆ ಬಂದು ಕೂತರೆ, ಬೌಲರು ಓಡಿ ಬರುವಾಗ ಚಿತ್ರ ನಿಂತು, ಮತ್ತೆ ಬರುವಷ್ಟರಲ್ಲಿ ವಿಕೆಟ್ ಬಿದ್ದಿರುತ್ತದೆ. ಹೇಗೂ ಷಡಕ್ಷರಿಯವರ ಲೈನು ಒಂಟಿಯಾಗಿ ಬಿದ್ದಿದೆಯಲ್ಲ? ಕುಸುಮಳ ಕ್ಲಾಸು ಆ ಕಡೆಯಿಂದ ಹೋಗಲಿ. ಯಾರಿಗೂ ಹೇಳುವ ಅಗತ್ಯವೇನಿದೆ?

ಹಿತ್ತಲ ಮನೆಯ ರೂಟರಿಗೆ, ಹನ್ನೊಂದು ಹೊಡೆದ ಮೇಲೆ ಜಾರಿಯಾಗುವಂತೆ, ಎರಡೇ ಸಾಲು ಬರೆದ. ಲೋಕಕ್ಕೆ ದಾರಿ ನನ್ನ ಬಳಿಯೇ ಇದೆ, ಇದೇ ಹತ್ತಿರದ ದಾರಿ ಎಂದು ಮಿಕ್ಕ ರೂಟರುಗಳಿಗೆ ಸಾರು. ಕೊನೆಗೆ 'ಯಾವಾಗಲೂ' ಎಂಬ ಒಂದು ಮಾತನ್ನೂ ಸೇರಿಸಿದ. ಆ ಮಾತು ಅವನಿಗೆ ಬಹಳ ಗಂಭೀರವಾಗಿ ಕಂಡಿತ್ತು. ದಾರಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಕೇಳಿದವರಿಗೆಲ್ಲ ಇದೆ ಎಂದೇ ಹೇಳು ಎಂಬುದು ಅದರ ಅರ್ಥ. ಅದನ್ನು ವಿವರಿಸುವ ವಿಡಿಯೋ ನೋಡುವಾಗ ಅವನು ಕಾಫಿ ತರಲು ಎದ್ದಿದ್ದ.

ಹನ್ನೊಂದು ಗಂಟೆ. ಕುಸುಮ ಮಹಡಿಯಲ್ಲಿ ನಗುತ್ತಾ, "ಎಲ್ಲರಿಗೂ ನಮಸ್ಕಾರ, ಮೊದಲು ದಾರವನ್ನ ಹೀಗೆ ತಗೊಂಡು," ಎಂದಳು. ಲ್ಯಾಪ್‌ಟಾಪಿನಲ್ಲಿದ್ದ ನಲವತ್ತೆರಡು ಮುಖಗಳೂ ಒಟ್ಟಿಗೆ ಕಲ್ಲಾದವು.

"ರೀ!"

ಯೋಗೇಂದ್ರ ಮೆಟ್ಟಿಲು ಹತ್ತಿದ. ಮಹಡಿಯ ರೂಟರಿನ ದೀಪಗಳೆಲ್ಲ ಹಸಿರು. ಕೆಳಗಿಳಿದ. ಅಲ್ಲೂ ಹಸಿರು. ಮತ್ತೆ ಹತ್ತಿದ. ಕೆಳಗೆ ಹಾಲಿನಲ್ಲಿ ಅವರೆಕಾಳು ಬಿಡಿಸುತ್ತಿದ್ದ ಅವನ ತಾಯಿ ದೇವಿರಮ್ಮ ಮೂರನೇ ಸಲ ಅವನು ಹಾದುಹೋಗುವಾಗ ಕೇಳಿದರು:

"ಏನ್ಲಾ ಯೋಗಿ, ಏನಾಯ್ತು?"

"ಏನೂ ಆಗಿಲ್ಲ ಕಣವ್ವ. ಮೂರೂ ರೂಟರು ಚೆನ್ನಾಗೇ ಇವೆ. ಹತ್ತು ಸೆಕೆಂಡಿಗೊಂದ್ಸಲ ಒಂದಕ್ಕೊಂದು ನಮಸ್ಕಾರ ಹೇಳ್ಕೊಂತಿವೆ."

"ನಮಸ್ಕಾರ ಹೇಳ್ಕೊಂಡ್ರೆ ಆಯ್ತಾ? ಕೆಲಸ ಯಾರು ಮಾಡಾದು?"

ಮಹಡಿಯ ಕೋಣೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕುಸುಮ ಬಾಲ್ಕನಿಗೆ ಓಡಿ ಬಂದು ಫೋನನ್ನು ಆಕಾಶಕ್ಕೆ ಹಿಡಿದಳು. ಹಿನಕಲ್‌ನ ಹರ್ಷಿತಾ ಎಂಬ ಶಿಷ್ಯೆಯಿಂದ ಒಂದೊಂದಾಗಿ ಮೆಸೇಜು ಬಂದವು. 'ಮೇಡಂ, ನೀವು ಕಾಣ್ತಿಲ್ಲ.' 'ಮೇಡಂ, ಏಳು ಜನ ಹೋದ್ರು.' 'ಮೇಡಂ, ಈಗ ಇಪ್ಪತ್ತೊಂಬತ್ತು ಜನ ಇದೀವಿ.'

"ರೀ, ಹದಿಮೂರು ಜನ ಹೊರಟುಹೋದ್ರು ಕಣ್ರೀ," ಎಂದಳು ಕುಸುಮ. ಈ ಸಲ ಕೂಗಲಿಲ್ಲ. ಅದಕ್ಕೇ ಯೋಗೇಂದ್ರ ಅವಳ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

ಡೇಟಾ ಯಾವ ಊರಿಗೆ ಹೋಗಿ ಸತ್ತಿತು ಎಂದು ಹುಡುಕುವ ಕಮಾಂಡೊಂದನ್ನು ಒತ್ತಿದ. ಮಹಡಿಯಿಂದ ಹೊರಟದ್ದು ಹಿತ್ತಲ ಮನೆ ತಲುಪಿತ್ತು. ಆಮೇಲೆ ಬರೀ ಚುಕ್ಕಿ. ಚುಕ್ಕಿಯ ಕೆಳಗೆ ಚುಕ್ಕಿ.

ಹಿತ್ತಲಿಗೆ ಓಡಿದ. ಷಡಕ್ಷರಿಯವರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಪೇಪರ್ ಓದುತ್ತಿದ್ದರು.

"ಸಾರ್, ನಿಮಗೆ ನೆಟ್ಟು ಬರ್ತಿದೆಯಾ?"

"ಸೊಗಸಾಗಿ ಬರ್ತಿದೆ."

"ಹಾಗಾದ್ರೆ ನನ್ನ ರೂಟರಿಗೆ ಯಾಕೆ ಬರ್ತಿಲ್ಲ?"

ಯೋಗೇಂದ್ರ ಕಿಟಕಿಯ ಕಪ್ಪು ಕೇಬಲ್ಲನ್ನು ಕಣ್ಣಿನಿಂದಲೇ ಹಿಂಬಾಲಿಸಿದ. ಅದು ಗೋಡೆಯಗುಂಟ ಮೇಲೇರಿ, ಸೂರಿನ ಮೊಳೆಗೆ ಒಂದು ಸುತ್ತು ಹಾಕಿ, ಅಲ್ಲಿಂದ ನುಗ್ಗೆಮರದ ಕೊಂಬೆಗೆ ಹೋಗಿ, ಅಲ್ಲಿ ಬಿಗಿಯಾಗಿ ಗಂಟು ಹಾಕಿಸಿಕೊಂಡು ಮುಗಿದುಹೋಗಿತ್ತು. ಲೋಕಕ್ಕೆ ಹೋಗುವ ಆ ಹೆದ್ದಾರಿಯ ಮೇಲೆ ಷಡಕ್ಷರಿಯವರ ಎರಡು ಬನಿಯನ್ನು, ಒಂದು ಟವೆಲ್ಲು ಒಣಗುತ್ತಿದ್ದವು.

"ಸಾರ್, ಇದು?"

"ತೆಗೆಸಿ ಎರಡು ವರ್ಷ ಆಯ್ತು ಯೋಗೇಂದ್ರಪ್ಪನವ್ರೇ. ಕೇಬಲ್ಲು ಗಟ್ಟಿಯಾಗಿತ್ತು, ಬಿಸಾಕೋಕೆ ಮನಸ್ಸಾಗಲಿಲ್ಲ."

"ನಿನ್ನೆ ಕೇಳಿದಾಗ ಇದೆ ಅಂದ್ರಲ್ಲ?"

"ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಮತ್ತೆ ಮೊಬೈಲಿಗೆ ಬರ್ತಿರೋದು ಯಾರದು?"

ಷಡಕ್ಷರಿಯವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸತೊಡಗಿದರು. ಅಡುಗೆಮನೆಯ ಕಿಟಕಿಯಿಂದ ದೇವಿರಮ್ಮನ ದನಿ ಬಂತು.

"ನಮ್ದೇ ಕಣ್ಲಾ. ನಾನೇ ಪಾಸ್‌ವರ್ಡ್ ಕೊಟ್ಬುಟ್ಟೆ. ಪಾಪ, ವಾರಕ್ಕೊಂದ್ ದಪ ಚಿಗುರೆಲೆ ತಂದ್ಕೊಡ್ತಾರೆ."

ಅಷ್ಟರಲ್ಲಿ ಕುಸುಮ ಬಾಲ್ಕನಿಯ ಕಂಬಿಯ ಮೇಲೆ ಬಗ್ಗಿ ನಿಂತಿದ್ದಳು. "ಅಲ್ಲಾರೀ, ನಮ್ಮ ಲೈನು ಸರಿಯಾಗೇ ಇದೆ, ಷಡಕ್ಷರಿಯವರಿಗೂ ಬರ್ತಿದೆ ಅಂದಮೇಲೆ, ನನ್ನ ಕ್ಲಾಸು ಒಂದು ಬಟ್ಟೆ ಒಣಹಾಕೋ ತಂತಿ ಹಿಡ್ಕೊಂಡು ಯಾಕೆ ಹೋಯ್ತು?"

"ಅದು ರೂಟರುಗಳು ತಾವೇ ಮಾತಾಡ್ಕೊಂಡು..."

ಯೋಗೇಂದ್ರನ ಅಂಗಿಯ ಜೇಬಿನಲ್ಲಿದ್ದ ಫೋನು ಆ ಕ್ಷಣವನ್ನೇ ಆರಿಸಿಕೊಂಡಿತು. ಸ್ಟೇಡಿಯಮ್ಮಿನ ನಲವತ್ತು ಸಾವಿರ ಜನ ಅದರೊಳಗಿಂದ ಹೋ ಎಂದು ಅರಚಿದರು. ವಿಕೆಟ್ ಬಿದ್ದಿತ್ತು. ಯಾರದು ಎಂದು ನೋಡುವ ಧೈರ್ಯ ಯೋಗೇಂದ್ರನಿಗಿರಲಿಲ್ಲ. ಕುಸುಮಳಿಗೆ ಮಾತ್ರ ಗೊತ್ತಾಯಿತು.

"ಓಹೋ," ಎಂದಳು. ಅಷ್ಟೇ.

"ಹತ್ತೇ ನಿಮಿಷ ಕುಸುಮಾ, ಆ ಎರಡು ಸಾಲು ಅಳಿಸಿಬಿಟ್ರೆ..."

"ಹತ್ತು ನಿಮಿಷದಲ್ಲಿ ಹರ್ಷಿತಾ ಒಬ್ಬಳೇ ಉಳಿದಿರ್ತಾಳೆ."

ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು, ಹಸಿರು ರೇಷ್ಮೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಅವಳು ಇಳಿದು ಬಂದ ರಭಸಕ್ಕೆ ದೇವಿರಮ್ಮ ಅವರೆಕಾಳಿನ ಮೊರವನ್ನು ಎತ್ತಿಕೊಂಡು ದಾರಿ ಬಿಟ್ಟರು. ಹಾಲಿನಲ್ಲಿ ಕೆಳಗಿನ ರೂಟರಿನ ಪಕ್ಕದಲ್ಲೇ ಕೂತು, ಲ್ಯಾಪ್‌ಟಾಪಿಗೆ ನೇರವಾಗಿ ವೈರು ಚುಚ್ಚಿದಳು. ಇಪ್ಪತ್ತಾರು ಮುಖಗಳು ಪ್ರಾಣ ಬಂದು ಅಲುಗಾಡಿದವು.

ಆದರೆ ಮಹಡಿಯಲ್ಲಾದರೆ ಸೀರೆಯನ್ನು ಮಂಚದ ಕಂಬಿಗೆ ಎಳೆದು ಕಟ್ಟಿದ್ದಳು. ಇಲ್ಲಿ ಕಟ್ಟಲು ಏನಿದೆ? ಕುಸುಮ ಸುತ್ತ ಒಮ್ಮೆ ನೋಡಿದಳು. ಅವಳ ದೃಷ್ಟಿ ಬಾಗಿಲಲ್ಲಿ ನಿಂತಿದ್ದ ಗಂಡನ ಮೇಲೆ ನೆಟ್ಟಿತು.

"ಫೋನು ಅತ್ತೆ ಕೈಗೆ ಕೊಡಿ. ಇಲ್ಲಿ ಬನ್ನಿ. ಎರಡೂ ಕೈ ಚಾಚಿ. ಸೆರಗನ್ನ ಬಿಗಿಯಾಗಿ ಹಿಡ್ಕೊಳ್ಳಿ. ಕೆಮ್ಮಬಾರದು."

ಹೀಗೆ ಡೈನಾಮಿಕ್ ರೂಟಿಂಗಿನ ಚಕ್ರವರ್ತಿ ಒಂದು ಗಂಟೆ ಕಾಲ, ಕ್ಯಾಮೆರಾಗೆ ತಲೆ ಕಾಣದಂತೆ, ಎರಡೂ ತೋಳು ಚಾಚಿ, ಹೊಲದ ಬೆರ್ಚಪ್ಪನ ಹಾಗೆ ನಿಂತ. ಮೂಗಿನ ತುದಿಯ ಮೇಲೆ ನೊಣ ಕೂತು, ಯೋಚಿಸಿ, ಎದ್ದು ಹೋಯಿತು. ಷಡಕ್ಷರಿಯವರು ತಪ್ಪು ಮಾಡಿದವರ ಮುಖ ಮಾಡಿಕೊಂಡು ಬಂದು ಒಂದು ಕಟ್ಟು ವೀಳ್ಯದೆಲೆ ಇಟ್ಟು ಹೋದರು. ದೇವಿರಮ್ಮ ಮಗನ ಫೋನಿನಲ್ಲಿ ಪಂದ್ಯ ನೋಡುತ್ತಾ, "ಇನ್ನೊಬ್ಬನೂ ಹೋದ ಕಣ್ಲಾ," ಎಂದು ಆಗಾಗ ಪಿಸುಗುಟ್ಟಿದರು. ಕುಸುಮಳ ಬೆರಳು ಓಡುತ್ತಿದ್ದವು. ಮಣಿ ಪೋಣಿಸಿದ ಸಾಲು ಕುಚ್ಚು ಒಂದೊಂದಾಗಿ ಇಳಿಬಿದ್ದವು. ಇಪ್ಪತ್ತಾರು ಇದ್ದದ್ದು ಮೂವತ್ತಾಯಿತು, ಮೂವತ್ತೆಂಟಾಯಿತು. ಹೋದವರು ಒಬ್ಬೊಬ್ಬರಾಗಿ ಮರಳಿ ಬಂದರು.

ಕೊನೆಗೆ ಏನಾದರೂ ಕೇಳುವುದಿದೆಯೇ ಎಂದಾಗ ಹರ್ಷಿತಾ ಕೈ ಎತ್ತಿದಳು.

"ಮೇಡಂ, ಕ್ಲಾಸು ತುಂಬ ಚೆನ್ನಾಗಿತ್ತು, ನಾವೆಲ್ಲ ಸೇರ್ಕೊಂತೀವಿ. ಒಂದೇ ಒಂದು ಡೌಟು. ಸೀರೆ ಹಾಕಿದೀರಲ್ಲ, ಆ ಸ್ಟ್ಯಾಂಡು ಎಲ್ಲಿ ತಗೊಂಡ್ರಿ?"

ಕುಸುಮ ಗಂಟಿನಿಂದ ಕಣ್ಣು ತೆಗೆಯದೆ ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಅಂಗಡೀದಲ್ಲ ಕಣಮ್ಮ, ಮದುವೇಲಿ ಕೊಟ್ಟಿದ್ದು. ಇಪ್ಪತ್ತೇಳು ವರ್ಷದಲ್ಲಿ ಕೆಲಸಕ್ಕೆ ಬಂದಿರೋದು ಇವತ್ತೇ ಮೊದಲು."