ಎಮೆಟ್ ಲಿಂಡ್‌ಕ್ವಿಸ್ಟ್‌ನನ್ನು ಬೈಯಲು ಬೇಕಾದ ಅರ್ಹತೆಯ ಕುರಿತು

ಶಾಲಾ ಕ್ರೀಡಾ ವಿಭಾಗ, ಓರ್ಬಿ ಪಟ್ಟಣ, ನೆಬ್ರಾಸ್ಕ
ಸಂಖ್ಯೆ: ಶಾಕ್ರೀವಿ/ಫುಟ್‌ಬಾಲ್/ಒತ್ತಡ/14(ಬಿ)
ದಿನಾಂಕ: ಅಕ್ಟೋಬರ್ 21

ವಿಷಯ: ಎದುರಾಳಿಗಳು ಮೈಮೇಲೆ ಬೀಳುತ್ತಿರುವಾಗ ಕ್ವಾರ್ಟರ್‌ಬ್ಯಾಕ್ ತೋರುವ ಸಾಮರ್ಥ್ಯವನ್ನು ಪ್ರೇಕ್ಷಕರು ಅಳೆಯುವ ಬಗ್ಗೆ.

ಉಲ್ಲೇಖ: 1) ಸುತ್ತೋಲೆ 14(ಎ), ಹಿಂಪಡೆಯಲಾಗಿದೆ. 2) ಕ್ಷೌರಿಕ ಶ್ರೀ ರಾಸ್ಕೋ ಹೇಗನ್ ಅವರ ಮೌಖಿಕ ದೂರುಗಳು, ಒಂದೇ ಸಂಜೆಗೆ ನಲವತ್ತೊಂದು.

ಪ್ರಸ್ತಾವನೆ:

ಹದಿನೇಳು ವರ್ಷದ ಎಮೆಟ್ ಲಿಂಡ್‌ಕ್ವಿಸ್ಟ್ ನಮ್ಮ ಪ್ರೌಢಶಾಲಾ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದವರಿಗೆ ಚೆಂಡೆಸೆದುಕೊಡುವ ಆಟಗಾರ. ಚೆಂಡು ಕೈಯಲ್ಲಿ ಹಿಡಿದು, ಯಾರಿಗೆ ಎಸೆಯಲಿ ಎಂದು ನೋಡುವಷ್ಟರಲ್ಲಿ ನಾಲ್ವರ ಅಡಿಗೆ ಸಿಲುಕುವುದು ಸದರಿ ಹುದ್ದೆಯ ಕರ್ತವ್ಯ. ಅಕ್ಟೋಬರ್ 4ರಂದು ಅವರು ಐದು ಬಾರಿ ನೆಲಕ್ಕುರುಳಿ, ಆರನೆಯ ಬಾರಿ ಗಾಬರಿಯಲ್ಲಿ ಚೆಂಡನ್ನು ಎದುರಾಳಿಗೇ ಎಸೆದರು. ಆಗ ಶ್ರೀ ಹೇಗನ್, "ಲೋ ಎಮೆಟ್, ಅವನೇನು ನಿಮ್ಮ ಸೋದರಮಾವನೇನೋ?" ಎಂದು ಕೂಗಿದ್ದು ದಾಖಲಾಗಿದೆ. ಎಮೆಟ್ ತಂಡ ಬಿಡುವುದಾಗಿ ಪತ್ರ ಕೊಟ್ಟರು.

ತತ್ಪರಿಣಾಮವಾಗಿ ಸುತ್ತೋಲೆ 14(ಎ) ಮೂಲಕ ಪ್ರೇಕ್ಷಕರಿಗೆ ಸಂಪೂರ್ಣ ಮೌನ ವಿಧಿಸಿ, ಅವರನ್ನು ಉಳಿಸಿಕೊಳ್ಳಲಾಯಿತು. ಮುಂದಿನ ಪಂದ್ಯದಲ್ಲಿ ಎರಡು ಸಾವಿರ ಜನ ಕೆಮ್ಮದೆ ಕುಳಿತರು. ಎಮೆಟ್ ಗ್ಯಾಲರಿಯತ್ತ ತಿರುಗಿ, "ಕೋಚ್, ಯಾರಾದ್ರೂ ತೀರ್ಕೊಂಡ್ರಾ?" ಎಂದು ಕೇಳುವಷ್ಟರಲ್ಲಿ ಮೂವರು ಅವರ ಮೇಲಿದ್ದರು.

ಅಕ್ಟೋಬರ್ 14ರ ಸೋಮವಾರ ಅವರು ಕಚೇರಿಗೆ ಬಂದು ನೀಡಿದ ಹೇಳಿಕೆ: "ಬೈಯ್ಲಿ ಬಿಡಿ ಮೇಡಂ. ಜನ ಸುಮ್ನಿದ್ರೆ ಏನಂದ್ಕೊಂಡ್ರೋ ಅಂತ ನಾನೇ ಊಹಿಸ್ಬೇಕು. ನನ್ನ ತಲೇಲಿ ಅವರು ಹೇಗನ್ ಅಂಕಲ್‌ಗಿಂತ ಕೆಟ್ಟದಾಗಿ ಬೈತಾರೆ."

ಆದ್ದರಿಂದ ಅಂದೇ ಮೌಖಿಕವಾಗಿ ಜಾರಿಗೊಳಿಸಿದ್ದನ್ನು ದೃಢೀಕರಿಸಿ, ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಬೈಯುವ ಹಕ್ಕನ್ನು ಮರಳಿಸಲಾಗಿದೆ. ಆದರೆ ಬೈಯಲಿಚ್ಛಿಸುವವರು ಮೊದಲು ಎಮೆಟ್ ನಿಲ್ಲುವ ಜಾಗದಲ್ಲಿ ಚೆಂಡು ಹಿಡಿದು ಮೂರು ಸೆಕೆಂಡು ನಿಲ್ಲತಕ್ಕದ್ದು. ನಾಲ್ವರು ದಢೂತಿ ಆಟಗಾರರು ಅವರತ್ತ ಓಡಿಬರತಕ್ಕದ್ದು. ಕಣ್ಣು ಮುಚ್ಚಿದವರು ಅನುತ್ತೀರ್ಣರು.

2. ಅಕ್ಟೋಬರ್ 16ರ ಪರೀಕ್ಷೆಗೆ ಮೂವತ್ತು ಮಂದಿ ಹಾಜರಾದರು. ಇಪ್ಪತ್ತೆಂಟು ಮಂದಿ ಮೊದಲ ಸೆಕೆಂಡಿನಲ್ಲೇ ಓಡಿದರು. ಪಾದ್ರಿಗಳು ಚೆಂಡನ್ನು ಆಂಬುಲೆನ್ಸ್ ಚಾಲಕನಿಗೆ ಎಸೆದರು. ಶ್ರೀ ಹೇಗನ್ ಮಾತ್ರ ಕಣ್ಣು ಬಿಟ್ಟುಕೊಂಡೇ ನಿಂತರು. ಕಾಲು ಏಳಲಿಲ್ಲವೆಂದು ಅವರೇ ನಂತರ ತಿಳಿಸಿದರೂ, ನಿಯಮದಲ್ಲಿ ಕಾರಣ ಕೇಳಿಲ್ಲವಾದ್ದರಿಂದ ಉತ್ತೀರ್ಣರೆಂದು ಘೋಷಿಸಲಾಯಿತು. ಸದ್ಯ ಪಟ್ಟಣದಲ್ಲಿ ಬೈಯಲು ಅಧಿಕಾರವುಳ್ಳವರು ಅವರೊಬ್ಬರೇ.

3. ಎಮೆಟ್ ಒಮ್ಮೆ ಬಿದ್ದರೆ ಎರಡು ಬೈಗುಳ ಮಾತ್ರ. "ಎಸಿಯೋ!" ಎಂಬುದನ್ನು ಸಲಹೆಯೆಂದು ಪರಿಗಣಿಸಲಾಗುವುದು. "ನಮ್ ಕಾಲದಲ್ಲಿ" ಎಂದು ಆರಂಭವಾಗುವ ವಾಕ್ಯಕ್ಕೆ ಪೂರ್ವಾನುಮತಿ ಅಗತ್ಯ.

4. ಅಕ್ಟೋಬರ್ 18ರ ಪಂದ್ಯದ ಕೊನೆಯ ನಿಮಿಷದಲ್ಲಿ ಮೂವರು ಎಮೆಟ್‌ನತ್ತ ನುಗ್ಗಿದಾಗ, ಅಧಿಕೃತ ಟೀಕಾಕಾರರಾದ ಶ್ರೀ ಹೇಗನ್ ಎದ್ದು ನಿಂತು, "ಟೈಮಿದೆ ಮಗಾ, ಟೈಮಿದೆ!" ಎಂದು ಕೂಗಿದರು. ವಾಸ್ತವವಾಗಿ ಟೈಮಿರಲಿಲ್ಲ. ಎಮೆಟ್ ಆತುರಪಡದೆ ಚೆಂಡೆಸೆದು ಮೂವರ ಅಡಿಗೆ ಹೋದರು. ಚೆಂಡು ಸೇರಬೇಕಾದ ಕೈ ಸೇರಿತು. ಆದಾಗ್ಯೂ ತಂಡ ಎರಡು ಅಂಕಗಳಿಂದ ಸೋತಿತು.

5. ಸಾರ್ವಜನಿಕವಾಗಿ ತಪ್ಪು ಮಾಹಿತಿ ನೀಡಿದ್ದಕ್ಕೆ ಶ್ರೀ ಹೇಗನ್ ಅವರಿಂದ ವಿವರಣೆ ಕೇಳಲಾಗಿ, "ಅವತ್ತು ಪರೀಕ್ಷೇಲಿ ಅಲ್ಲಿ ನಿಂತಾಗ ನಂಗೂ ಯಾರಾದ್ರೂ ಹಂಗಂದಿದ್ರೆ ಅನ್ನಿಸ್ತು," ಎಂದು ಉತ್ತರಿಸಿರುತ್ತಾರೆ. ವಿವರಣೆಯನ್ನು ಅಂಗೀಕರಿಸಿ, ಕಡತವನ್ನು ಮುಕ್ತಾಯಗೊಳಿಸಲಾಗಿದೆ.

(ಸಹಿ)
ಥೆಲ್ಮಾ ಓಸ್ಟರ್‌ಹಾಟ್
ಕ್ರೀಡಾ ಅಧೀಕ್ಷಕರು

ಪ್ರತಿ:
1) ಗ್ಯಾಲರಿಯ ಎಲ್ಲ ಸಾಲುಗಳಿಗೆ.
2) ಶಾಲೆಯ ದಾದಿಯವರಿಗೆ, ಮಂಜುಗಡ್ಡೆಯ ದಾಸ್ತಾನು ದ್ವಿಗುಣಗೊಳಿಸಲು.
3) ಎಮೆಟ್ ಅವರ ಅಜ್ಜಿಗೆ. ಪರೀಕ್ಷೆಗೆ ತಾವೂ ನಿಲ್ಲುವುದಾಗಿ ಅವರು ಸಲ್ಲಿಸಿರುವ ಅರ್ಜಿಯನ್ನು, ಆ ನಾಲ್ವರು ಆಟಗಾರರ ಹಿತದೃಷ್ಟಿಯಿಂದ, ತಿರಸ್ಕರಿಸಲಾಗಿದೆ.